ಹಾಸನದಲ್ಲಿ ಗಾಡಿ ತೆಗೆಯದೆ ದಿನ ಕಳೆಯುವಂಥ ಬಡಾವಣೆ ಯಾವುದು? ಫ್ಲಾಟ್ ಹಿಡಿಯುವ ಮೊದಲು ಏನು ನೋಡಬೇಕು?

ಹೊಸ_ಬಾಡಿಗೆದಾರ
ಎಲ್ಲರಿಗೂ ನಮಸ್ಕಾರ. ಮಳೆಗಾಲಕ್ಕೆ ಮುಂಚೆ ಹಾಸನಕ್ಕೆ ಮನೆ ಬದಲಾಯಿಸಬೇಕು. ಕೆಲಸ ಸಾಲಗಾಮೆ ರಸ್ತೆ ಕಡೆ. ಮನೆಯಲ್ಲಿ ನಾಲ್ಕು ಜನ: ನಾವಿಬ್ಬರು, ಎರಡನೇ ಕ್ಲಾಸಿನ ಮಗಳು, ಮಂಡಿನೋವಿರುವ 68 ವರ್ಷದ ಅಮ್ಮ. ಎರಡು ಬೆಡ್‌ರೂಮಿನ ಬಾಡಿಗೆ ಫ್ಲಾಟ್ ಸಾಕು. ಕಾರಿಲ್ಲ. ಇರುವ ಒಂದು ಸ್ಕೂಟರ್ ಬೆಳಿಗ್ಗೆಯೇ ಕೆಲಸಕ್ಕೆ ಹೋಗುತ್ತದೆ. ಹಾಲು, ತರಕಾರಿ, ಮಾತ್ರೆ, ಶಾಲೆ, ಬಸ್ಸು ಎಲ್ಲ ಕಾಲ್ನಡಿಗೆಯಲ್ಲೇ ಆಗಬೇಕು. ಮನೆ ನೋಡಲು ಎರಡು ದಿನ ಸಿಗುತ್ತದೆ. ಯಾವ ಕಡೆ ಹುಡುಕಲಿ, ಬಂದಾಗ ಏನೇನು ನೋಡಲಿ?

ಉತ್ತರ_ಬಡಾವಣೆ
ಹಾಸನವನ್ನು ನಡೆಯುವವರ ಕಣ್ಣಿನಿಂದ ನೋಡಿದರೆ ಮೂರು ಪದರ. ಮೊದಲನೆಯದು ಹಳೇ ಊರು: ಹಾಸನಾಂಬ ದೇವಸ್ಥಾನ, ಸಂತೆಪೇಟೆ, ಕಟ್ಟಿನಕೆರೆ ಮಾರುಕಟ್ಟೆ ಸುತ್ತಮುತ್ತ. ಎಲ್ಲವೂ ಕೈಗೆಟುಕುತ್ತದೆ, ಆದರೆ ಬೀದಿ ಕಿರಿದು, ಫ್ಲಾಟ್ ಸಿಗುವುದು ಅಪರೂಪ, ಇರುವುದೆಲ್ಲ ಮಹಡಿ ಮನೆಗಳು.

ಎರಡನೆಯದು ಅದಕ್ಕೆ ತಾಗಿಕೊಂಡ ಹಳೇ ಬಡಾವಣೆಗಳು. ಕೆ.ಆರ್. ಪುರಂ, ಉತ್ತರ ಬಡಾವಣೆ ಇಂಥವು. ಇಲ್ಲಿ ರಸ್ತೆಗಳು ಚೌಕಟ್ಟಾಗಿ ಅಡ್ಡಡ್ಡ ಹೋಗಿವೆ, ಅಡ್ಡರಸ್ತೆಗಳಲ್ಲಿ ಮರ ಇದೆ, ಮನೆಗಳ ಮಧ್ಯೆಯೇ ಮೆಡಿಕಲ್, ಹಿಟ್ಟಿನ ಗಿರಣಿ, ಇಸ್ತ್ರಿ ಅಂಗಡಿ ಸೇರಿಕೊಂಡಿವೆ. ಹಿಮ್ಸ್‌ಗೆ (ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು) ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಕೆ.ಆರ್. ಪುರಂನಲ್ಲೇ ಇದೆ. ಅಮ್ಮ ಜೊತೆಗಿದ್ದಾರೆ ಅಂದಮೇಲೆ ಅದು ದೊಡ್ಡ ಅನುಕೂಲ.

ಮೂರನೆಯದು ಸಾಲಗಾಮೆ ರಸ್ತೆ ಹಿಡಿದು ಹೋದರೆ ಸಿಗುವ ವಿದ್ಯಾನಗರ, ಸರಸ್ವತಿಪುರಂ ಕಡೆ. ಮಲೆನಾಡು ಇಂಜಿನಿಯರಿಂಗ್ ಕಾಲೇಜು 1960ರಿಂದ ಅಲ್ಲಿರುವುದರಿಂದ ಹುಡುಗರಿಗೆ ಬೇಕಾದ ಮೆಸ್, ಜೆರಾಕ್ಸ್, ಬೇಕರಿ ಧಾರಾಳ. ನಿಮ್ಮ ಕೆಲಸವೂ ಅದೇ ರಸ್ತೆಯಲ್ಲಿ ಅಂದರೆ ನನ್ನ ಓಟು ಇಲ್ಲಿಗೆ, ಎರಡನೆಯದು ಕೆ.ಆರ್. ಪುರಂಗೆ. ಇದನ್ನೂ ದಾಟಿ ಊರ ಹೊರಗೆ ಹೊಸದಾಗಿ ನಿವೇಶನ ಹಂಚಿದ ಲೇಔಟ್‌ಗಳಲ್ಲಿ ಬಾಡಿಗೆ ಕಡಿಮೆ, ಮನೆ ಹೊಸದು, ಆದರೆ ಒಂದು ಕಟ್ಟು ಕೊತ್ತಂಬರಿಗೂ ಗಾಡಿ ತೆಗೆಯಬೇಕು.

ರಸ್ತೆ_ಇಂಜಿನಿಯರ್
ಬಡಾವಣೆ ಹೆಸರು ನೋಡಿ ತೀರ್ಮಾನಿಸಬೇಡಿ. ಒಂದೇ ಬಡಾವಣೆಯ ಎರಡು ಅಡ್ಡರಸ್ತೆಗಳ ನಡುವೆ ಅಜಗಜಾಂತರ ಇರುತ್ತದೆ. ದೂರವನ್ನೂ ಆಮೇಲೆ ನೋಡಿ. ಮೊದಲು ನೋಡಬೇಕಾದ್ದು, ದಿನಕ್ಕೆ ಎಷ್ಟು ಸಲ ದೊಡ್ಡ ರಸ್ತೆ ದಾಟಬೇಕು ಅನ್ನುವುದನ್ನು.

ಲೆಕ್ಕ ಹಾಕಿ. ಡಿವೈಡರ್ ಇಲ್ಲದ 14 ಮೀಟರ್ ಅಗಲದ ರಸ್ತೆ ಇದೆ ಅಂದುಕೊಳ್ಳಿ. ಗಟ್ಟಿಮುಟ್ಟಾದವರು ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ, ದಾಟಲು ಸುಮಾರು 12 ಸೆಕೆಂಡ್. ಮಂಡಿನೋವಿನವರು ಸೆಕೆಂಡಿಗೆ 0.8 ಮೀಟರ್ ನಡೆದರೆ 17 ಸೆಕೆಂಡ್ ದಾಟುತ್ತದೆ. ಗಂಟೆಗೆ 40 ಕಿ.ಮೀ. ವೇಗದ ಬೈಕು ಸೆಕೆಂಡಿಗೆ 11 ಮೀಟರ್ ಬರುತ್ತದೆ. ಅಂದರೆ ನಿಮಗೆ 130 ಮೀಟರ್ ಖಾಲಿ ರಸ್ತೆ ಕಂಡರೆ ಸಾಕು, ಅಮ್ಮನಿಗೆ ಎರಡೂ ಕಡೆ ಸುಮಾರು 200 ಮೀಟರ್ ಖಾಲಿ ಬೇಕು. ಬೆಳಿಗ್ಗೆ ಒಂಬತ್ತಕ್ಕೆ ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆಯಲ್ಲಿ ಆ ಖಾಲಿ ಎಲ್ಲಿಂದ ಬರಬೇಕು? ಅದೇ ರಸ್ತೆಗೆ ನಿಂತುಕೊಳ್ಳುವಷ್ಟು ಅಗಲದ ಡಿವೈಡರ್ ಇದ್ದರೆ ಒಂದು ಸಲಕ್ಕೆ 7 ಮೀಟರ್, 9 ಸೆಕೆಂಡ್, ಒಂದೇ ದಿಕ್ಕಿನಲ್ಲಿ 100 ಮೀಟರ್ ನೋಡಿಕೊಂಡರೆ ಆಯಿತು.

ಇದಕ್ಕೇ ಹೇಳುವುದು: 700 ಮೀಟರ್ ದೂರದ ತರಕಾರಿ ಅಂಗಡಿ ರಸ್ತೆಯ ಇದೇ ಮಗ್ಗುಲಲ್ಲಿದ್ದರೆ ಅದು ಹತ್ತಿರ. 150 ಮೀಟರ್ ದೂರದ್ದು ಆಚೆ ಮಗ್ಗುಲಲ್ಲಿದ್ದರೆ ಅದು ದೂರ. ಅಮ್ಮ ಒಬ್ಬರೇ ಹೊರಡುವುದನ್ನೇ ಬಿಟ್ಟುಬಿಡುತ್ತಾರೆ.

ಸಾಲಗಾಮೆ_ಸುತ್ತ
ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸಾಲಗಾಮೆ ರಸ್ತೆಗೂ ಇದೇ ಮಾತು ಅನ್ವಯ. ಮನೆ, ಶಾಲೆ, ದಿನಸಿ ಅಂಗಡಿ ಮೂರೂ ರಸ್ತೆಯ ಒಂದೇ ಪಕ್ಕಕ್ಕೆ ಬೀಳುವಂತೆ ಹುಡುಕಿ. ಮೂರೂ ಸಿಗದಿದ್ದರೆ ಆಚೆ ಪಕ್ಕಕ್ಕೆ ಬಿಟ್ಟುಕೊಡಬೇಕಾದ್ದು ನಿಮ್ಮ ಕೆಲಸದ ಜಾಗವನ್ನು, ಶಾಲೆಯನ್ನಲ್ಲ. ದೊಡ್ಡವರು ಒಂದು ಸಲ ದಾಟಿ ಹೋಗುತ್ತಾರೆ, ಸಂಜೆ ಒಂದು ಸಲ ದಾಟಿ ಬರುತ್ತಾರೆ. ಮಗುವನ್ನು ಬಿಟ್ಟು ಬರಲು, ಮತ್ತೆ ಕರೆತರಲು ಹೋಗುವವರು ದಿನಕ್ಕೆ ನಾಲ್ಕು ಸಲ ದಾಟುತ್ತಾರೆ, ಅದರಲ್ಲಿ ಎರಡು ಸಲ ಮಗುವಿನ ಕೈ ಹಿಡಿದು.

ಇನ್ನೊಂದು ವಿಷಯ, ಫೋನಿನ ಮ್ಯಾಪ್. ನೇರ ಗೆರೆ ಎಳೆದು ದೂರ ಅಳೆಯಬೇಡಿ, ‘ನಡಿಗೆ’ ಅಂತ ಇರುವುದನ್ನು ಒತ್ತಿ ನೋಡಿ. ರೈಲು ಹಳಿಯ ಅಕ್ಕಪಕ್ಕದ ಮನೆಗಳಿಗೆ ಇದು ತುಂಬ ಮುಖ್ಯ. ಕಿಟಕಿಯಿಂದ ಕಾಣುವ ಅಂಗಡಿಗೆ ರಸ್ತೆಯಲ್ಲಿ ಸುತ್ತಿಕೊಂಡು ಕಿಲೋಮೀಟರ್ ದಾಟಬಹುದು. ‘ಹಳಿ ದಾಟಿದರೆ ಎರಡೇ ನಿಮಿಷ’ ಅಂತ ಯಾರಾದರೂ ಹೇಳಿದರೆ ಆ ಮನೆಯನ್ನು ಪಟ್ಟಿಯಿಂದ ತೆಗೆಯಿರಿ. ಗೇಟಿಲ್ಲದ ಕಡೆ ಹಳಿ ದಾಟುವುದು ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅಪರಾಧ. ಅಪಾಯವಂತೂ ಇದ್ದೇ ಇದೆ.

ಕಟ್ಟಿನಕೆರೆ_ಚೀಲ
ದಾಟುವ ಲೆಕ್ಕ ಒಪ್ಪುತ್ತೇನೆ. ಆದರೆ ಎಲ್ಲ ಅಂಗಡಿಯೂ ಪಕ್ಕದಲ್ಲೇ ಬೇಕು ಅಂತ ಹಟ ಹಿಡಿದರೆ ಮನೆಯೇ ಸಿಗುವುದಿಲ್ಲ. ದಿನಾ ಬೇಕಾದ್ದು, ವಾರಕ್ಕೊಮ್ಮೆ ಬೇಕಾದ್ದು, ಹೊರಲಾರದ್ದು ಅಂತ ಬೇರೆ ಮಾಡಿಕೊಳ್ಳಿ.

ದಿನಾ ಬೇಕಾದ್ದು ಹಾಲು, ಸೊಪ್ಪು, ಮಾತ್ರೆ, ಮಗುವಿಗೊಂದು ಪೆನ್ಸಿಲ್ಲು. ಇವು 400 ಮೀಟರ್ ಒಳಗಿರಬೇಕು. ಅಂದರೆ ನಿಮ್ಮ ನಡಿಗೆಯಲ್ಲಿ 5 ನಿಮಿಷ, ಅಮ್ಮನ ನಡಿಗೆಯಲ್ಲಿ 8ರಿಂದ 9 ನಿಮಿಷ. ಬೆಳಿಗ್ಗೆ ಹಾಲು ಎಷ್ಟು ಗಂಟೆಗೆ ಬರುತ್ತದೆ, ಸಂಜೆಯೂ ಇರುತ್ತದೆಯೇ ಅಂತ ನಂದಿನಿ ಬೂತಿನಲ್ಲೇ ಕೇಳಿ. ತಳ್ಳುಗಾಡಿಯವರು ಆ ಬೀದಿಗೆ ಬರುತ್ತಾರಾ ಅಂತ ಅಕ್ಕಪಕ್ಕದ ಮನೆಯ ಹೆಂಗಸರನ್ನು ಕೇಳಿ. ತಳ್ಳುಗಾಡಿ ಬರುವ ಬೀದಿ ಅಂದರೆ ಅಲ್ಲಿ ಕೊಳ್ಳುವ ಜನ ಇದ್ದಾರೆ, ರಸ್ತೆಯಲ್ಲಿ ಗುಂಡಿ ಕಡಿಮೆ, ಏರು ಜಾಸ್ತಿ ಇಲ್ಲ ಅಂತಲೇ ಅರ್ಥ. ಯಾವ ಮ್ಯಾಪೂ ಇಷ್ಟು ಹೇಳುವುದಿಲ್ಲ.

ವಾರದ ತರಕಾರಿ ಕಟ್ಟಿನಕೆರೆಯಲ್ಲಿ ತಂದರೆ ತಾಜಾ ಸಿಗುತ್ತದೆ, ದರವೂ ಹಿಡಿಸುತ್ತದೆ. ನಾಲ್ಕು ಜನಕ್ಕೆ ವಾರಕ್ಕೆ 7ರಿಂದ 8 ಕೆ.ಜಿ. ಆಗುತ್ತದೆ, ಎರಡು ಚೀಲಕ್ಕೆ ಸಮನಾಗಿ ಹಂಚಿದರೆ ಒಬ್ಬರು ಅರ್ಧ ಕಿಲೋಮೀಟರ್ ಹೊರಬಹುದು, ಅದಕ್ಕಿಂತ ಜಾಸ್ತಿಯಾದರೆ ಬೆರಳು ಕೊಯ್ಯುತ್ತದೆ. ಹೋಗುವಾಗ ನಡೆದು, ಬರುವಾಗ ಆಟೊ ಮಾಡಿದರೆ ತಪ್ಪೇನಿಲ್ಲ.

ಹೊರಲಾರದ್ದು 14.2 ಕೆ.ಜಿ. ಗ್ಯಾಸು (ಸಿಲಿಂಡರಿನ ತೂಕ ಬೇರೆ), 25 ಕೆ.ಜಿ. ಅಕ್ಕಿ ಮೂಟೆ, 20 ಲೀಟರ್ ನೀರಿನ ಕ್ಯಾನು. ಇವನ್ನು ಮಹಡಿಯ ತನಕ ತಂದುಕೊಡುತ್ತಾರಾ, ಗೇಟಿಗೇ ಇಟ್ಟು ಹೋಗುತ್ತಾರಾ ಅಂತ ಅದೇ ಕಟ್ಟಡದವರನ್ನು ಕೇಳಿ.

ಹೊಸ_ಬಾಡಿಗೆದಾರ
ತುಂಬ ಉಪಯೋಗವಾಯಿತು. ಫುಟ್‌ಪಾತ್ ಬಗ್ಗೆ ಹೇಳಿ. ಕೆಲವು ರಸ್ತೆಯಲ್ಲಿ ಚರಂಡಿ ಮೇಲಿನ ಚಪ್ಪಡಿಯೇ ಫುಟ್‌ಪಾತ್ ಆಗಿರುತ್ತದಲ್ಲ, ಅದನ್ನು ನಂಬಬಹುದೇ? ಅಮ್ಮನಿಗೆ ಕೋಲು ಇದೆ.

ರಸ್ತೆ_ಇಂಜಿನಿಯರ್
ಚಪ್ಪಡಿ ಹಾಸಿದ ಚರಂಡಿ ಚೆನ್ನಾಗಿದ್ದರೆ ಒಳ್ಳೆಯ ಫುಟ್‌ಪಾತೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಪ್ರಕಾರ ವಸತಿ ಪ್ರದೇಶದಲ್ಲಿ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಇರಬೇಕು, ಅಂಚಿನ ಕಲ್ಲು ರಸ್ತೆಯಿಂದ 150 ಮಿ.ಮೀ.ಗಿಂತ ಎತ್ತರ ಇರಬಾರದು. ಅಳತೆ ಪಟ್ಟಿ ಬೇಕಿಲ್ಲ. ಇಬ್ಬರು ಕೊಡೆ ಬಿಚ್ಚಿಕೊಂಡು ಎದುರುಬದುರಾಗಿ ಬಂದಾಗ ಯಾರೂ ರಸ್ತೆಗೆ ಇಳಿಯದೆ ದಾಟಿಹೋದರೆ ಅಗಲ ಸರಿಯಿದೆ. ಕಲ್ಲು ಗೇಣಿನ ಮೂರರಲ್ಲಿ ಎರಡು ಭಾಗಕ್ಕಿಂತ ಎತ್ತರ ಇಲ್ಲದಿದ್ದರೆ ಸರಿ.

ಚಪ್ಪಡಿಯನ್ನು ಪರೀಕ್ಷಿಸುವುದು ಹೀಗೆ. ಮಧ್ಯೆ ಕಾಲಿಡಬೇಡಿ, ಮೂಲೆಯ ಮೇಲೆ ಒಂದು ಕಾಲಿಟ್ಟು ಮೆಲ್ಲಗೆ ಭಾರ ಬಿಡಿ. ಟಕ್ ಅಂತ ಸದ್ದಾಗಿ ಇನ್ನೊಂದು ಮೂಲೆ ಎದ್ದರೆ ಕೆಳಗೆ ಚರಂಡಿ ಗೋಡೆಯ ತಲೆ ಸವೆದಿದೆ, ಚಪ್ಪಡಿ ನಾಲ್ಕು ಕಡೆ ಕೂತಿಲ್ಲ ಅಂತ ತಿಳಿಯಿರಿ. ಒಣಗಿದ್ದಾಗ ಅದು ಬರೀ ಸದ್ದು. ಮಳೆ ನೀರು ಒಳಗೆ ತುಂಬಿದಾಗ ಅದೇ ಮೂಲೆಯಿಂದ ಕೊಳಚೆ ಚಿಮ್ಮುತ್ತದೆ, ಕೊನೆಗೊಂದು ದಿನ ಮೂಲೆ ಮುರಿಯುತ್ತದೆ. ಎರಡು ಚಪ್ಪಡಿ ನಡುವಿನ ಸಂದಿಗೆ ಕಿರುಬೆರಳು ಹೋಗುವಂತಿದ್ದರೆ ಕೋಲಿನ ತುದಿ ಸಿಕ್ಕಿಕೊಳ್ಳುತ್ತದೆ.

ಇನ್ನೂ ಸುಲಭದ ಉಪಾಯ ಬೇಕೆಂದರೆ ಗಾಲಿಯಿರುವ ಸೂಟ್‌ಕೇಸನ್ನು ಬಸ್ ನಿಲ್ದಾಣದಿಂದ ಮನೆಯ ಗೇಟಿನ ತನಕ ಎಳೆದುಕೊಂಡು ಹೋಗಿ. ಎಲ್ಲೆಲ್ಲಿ ಕೈಯಲ್ಲಿ ಎತ್ತಬೇಕಾಯಿತೋ ಎಣಿಸಿ. ಅರ್ಧ ಕಿಲೋಮೀಟರಿನಲ್ಲಿ ಮೂರು ನಾಲ್ಕು ಸಲ ಆದರೆ ಹೊಂದಿಕೊಳ್ಳಬಹುದು, ಹತ್ತಾದರೆ ಕೋಲು ಹಿಡಿದವರಿಗೆ ಆ ದಾರಿ ಆಗುವುದಿಲ್ಲ. ಬಹಳಷ್ಟು ಕಡೆ ತೊಂದರೆ ಕೊಡುವುದು ಚರಂಡಿಯಲ್ಲ, ಮನೆಯವರು ಕಾರು ಒಳಗೆ ಬಿಡಲು ಕಟ್ಟಿಕೊಂಡ ಸಿಮೆಂಟಿನ ಇಳಿಜಾರು. ಪ್ರತಿ ಮನೆ ಮುಂದೆಯೂ ಅದು ಬಂದರೆ ಫುಟ್‌ಪಾತ್ ಅಲೆ ಅಲೆಯಾಗಿ ಏರಿಳಿಯುತ್ತದೆ, ಜನ ರಸ್ತೆಗೇ ಇಳಿಯುತ್ತಾರೆ.

ಮಂಡಿ_ಆರೈಕೆ
ಹಿರಿಯರ ವಿಷಯಕ್ಕೆ ಎರಡು ಮಾತು. ಮಂಡಿ ಸವೆತ ಇರುವವರಿಗೆ ಸಮತಟ್ಟು ದಾರಿ ಔಷಧಿಯಷ್ಟೇ ಒಳ್ಳೆಯದು, ಆದರೆ ಇಳಿಜಾರು ಇಳಿಯುವಾಗ ಮಂಡಿಯ ಮೇಲೆ ಭಾರ ಹೆಚ್ಚು ಬೀಳುತ್ತದೆ. ಹಾಸನದ ಬಡಾವಣೆಗಳಲ್ಲಿ ಮೇಲ್ನೋಟಕ್ಕೆ ಕಾಣದ ಏರು ಇರುತ್ತದೆ. ಬರಿಗಾಲಲ್ಲಿ ಗೊತ್ತಾಗದಿದ್ದರೆ ಸೈಕಲ್ ತುಳಿಯುವ ಹುಡುಗರನ್ನು ನೋಡಿ: ಎಲ್ಲಿ ಸೀಟಿನಿಂದ ಏಳುತ್ತಾರೋ ಅಲ್ಲಿ ಏರಿದೆ.

ಇನ್ನೊಂದು, ಕೂರುವ ಜಾಗ. ಪ್ರತಿ 150ರಿಂದ 200 ಮೀಟರಿಗೆ ಒಂದು ಕಟ್ಟೆಯೋ, ಬಸ್ ತಂಗುದಾಣದ ಬೆಂಚೋ, ದೇವಸ್ಥಾನದ ಜಗುಲಿಯೋ ಇದ್ದರೆ ಅಮ್ಮ ಒಂದು ಕಿಲೋಮೀಟರನ್ನೂ ನಿಧಾನಕ್ಕೆ ಮುಗಿಸುತ್ತಾರೆ. ಅದಿಲ್ಲದಿದ್ದರೆ 300 ಮೀಟರಿಗೇ ಹಿಂದಿರುಗುತ್ತಾರೆ. ಬೆಳಗಿನ ವಾಕಿಂಗಿಗೆ ಪಾರ್ಕ್ ಹತ್ತಿರ ಇರಲಿ ಅನ್ನುವುದಾದರೆ ಪಾರ್ಕಿನ ಒಳದಾರಿ ಮಾತ್ರವಲ್ಲ, ಮನೆಯಿಂದ ಪಾರ್ಕಿನ ಗೇಟಿಗೆ ಹೋಗುವ ದಾರಿಯನ್ನೂ ನೋಡಿ. ಮಹಾರಾಜ ಪಾರ್ಕ್ ಚೆನ್ನಾಗಿದೆ ಅಂತ ಅದಕ್ಕೆ ಹತ್ತಿರ ಮನೆ ಮಾಡಿ, ಮಧ್ಯೆ ಗಾಡಿ ತುಂಬಿದ ರಸ್ತೆ ಬಂದರೆ ಪ್ರಯೋಜನವಿಲ್ಲ.

ಮೂರನೇ_ಮಹಡಿ
ಎಲ್ಲರೂ ರಸ್ತೆ ನೋಡಿದಿರಿ, ಕಟ್ಟಡ ಬಿಟ್ಟಿರಿ. ನಡಿಗೆ ಶುರುವಾಗುವುದು ಮನೆ ಬಾಗಿಲಿನಿಂದ.

ಇಲ್ಲಿ ಬಾಡಿಗೆಗೆ ಸಿಗುವುದು ಹೆಚ್ಚಾಗಿ ಮೂರು ನಾಲ್ಕು ಮಹಡಿಯ ಸಣ್ಣ ಕಟ್ಟಡ. ಮಹಡಿಗೆ 18ರಿಂದ 20 ಮೆಟ್ಟಿಲು. ನೆಲಮಟ್ಟದಲ್ಲಿ ಪಾರ್ಕಿಂಗ್ ಬಿಟ್ಟಿದ್ದರೆ ‘ಎರಡನೇ ಮಹಡಿ’ ಅಂದದ್ದು ನಿಜಕ್ಕೂ ಮೂರನೆಯದು, 54ಕ್ಕೂ ಹೆಚ್ಚು ಮೆಟ್ಟಿಲು. ಜಾಹೀರಾತು ನಂಬದೆ ಎಣಿಸಿ. ಲಿಫ್ಟ್ ಇದ್ದರೆ ಕರೆಂಟು ಹೋದಾಗ ಜನರೇಟರಿನಲ್ಲಿ ಲಿಫ್ಟ್ ಓಡುತ್ತದೆಯೇ ಅಥವಾ ಬರೀ ಮೆಟ್ಟಿಲ ದೀಪ ಉರಿಯುತ್ತದೆಯೇ ಅಂತ ಕೇಳಿ. ಕೇಳುವುದಕ್ಕಿಂತ ಮೇನ್ ಸ್ವಿಚ್ ಇಳಿಸಿ ತೋರಿಸಿ ಅನ್ನಿ. ಮಳೆಗಾಲದಲ್ಲಿ ಲೈನ್ ಮೇಲೆ ಕೊಂಬೆ ಬಿದ್ದು ಸೆಸ್ಕ್‌ನವರು (ವಿದ್ಯುತ್ ಕಂಪನಿಯವರು) ಬರುವ ತನಕ ಕರೆಂಟಿಲ್ಲದೆ ಇರಬೇಕಾಗುತ್ತದೆ. ಆಗ ಅಮ್ಮ ಕೆಳಗಿದ್ದರೆ ಕೆಳಗೇ, ಮೇಲಿದ್ದರೆ ಮೇಲೇ.

ದೊಡ್ಡ ಅಪಾರ್ಟ್‌ಮೆಂಟ್ ಆದರೆ ಗೇಟು. ಕಾಂಪೌಂಡಿಗೆ ಎರಡು ಗೇಟಿದ್ದು ಹಿಂದಿನದಕ್ಕೆ ಸದಾ ಬೀಗ ಇದ್ದರೆ, ಅಂಗಡಿ ಹಿಂದಿನ ಬೀದಿಯಲ್ಲೇ ಇದ್ದರೂ ಇಡೀ ಕಾಂಪೌಂಡ್ ಸುತ್ತಬೇಕು. ಸಣ್ಣ ಬಾಗಿಲು ಎಷ್ಟರಿಂದ ಎಷ್ಟು ಗಂಟೆ ತೆರೆದಿರುತ್ತದೆ ಅಂತ ವಾಚ್‌ಮನ್‌ನನ್ನೇ ಕೇಳಿ, ಸಂಘದ ಅಧ್ಯಕ್ಷರನ್ನಲ್ಲ.

ನೀರು ಕೂಡ ನೋಡಿ, ವಿಷಯ ಬೇರೆಯಾದರೂ. ಹಾಸನಕ್ಕೆ ಕುಡಿಯುವ ನೀರು ಗೊರೂರಿನ ಹೇಮಾವತಿಯಿಂದ ಬರುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕದಲ್ಲಿ 12 ಮನೆಯ ಕಟ್ಟಡಕ್ಕೆ, ಮನೆಗೆ ನಾಲ್ಕು ಜನರಂತೆ, ದಿನಕ್ಕೆ ಸುಮಾರು 6,500 ಲೀಟರ್ ಬೇಕು. ನಲ್ಲಿ ನೀರು ಮೂರು ದಿನಕ್ಕೊಮ್ಮೆ ಬರುವ ಬೀದಿಯಾದರೆ 20,000 ಲೀಟರಿನ ಸಂಪು ಇರಬೇಕು. ಚಿಕ್ಕದಿದ್ದರೆ ಬೋರ್‌ವೆಲ್ ನೀರು ಬೆರೆಯುತ್ತದೆ, ನಲ್ಲಿ ಬಾಯಿಗೆ ಬಿಳಿ ಉಪ್ಪು ಕಟ್ಟಿರುವುದೇ ಅದರ ಗುರುತು.

ಉತ್ತರ_ಬಡಾವಣೆ
ಹೊಸ ಲೇಔಟ್ ಬಗ್ಗೆ ಮೊದಲು ಎರಡೇ ಸಾಲಲ್ಲಿ ಹೇಳಿ ಬಿಟ್ಟಿದ್ದೆ. ಕಾರಣ ಹೇಳುತ್ತೇನೆ. ಖಾಸಗಿ ಲೇಔಟನ್ನು ಸ್ಥಳೀಯ ಆಡಳಿತಕ್ಕೆ ಹಸ್ತಾಂತರ ಮಾಡುವ ತನಕ ಬೀದಿದೀಪ, ಕಸ, ಚರಂಡಿ ಎಲ್ಲ ಲೇಔಟ್ ಮಾಡಿದವರ ಹೊಣೆ. ನಿವೇಶನ ಮಾರಿಯಾದಮೇಲೆ ಅವರು ಆ ಕಡೆ ತಲೆ ಹಾಕುವುದು ಕಡಿಮೆ. ‘ಹಸ್ತಾಂತರ ಆಗಿದೆಯಾ?’ ಅಂತ ನೇರ ಕೇಳಿ. ಕಸದ ಆಟೊ ಮನೆ ಬಾಗಿಲಿಗೆ ಬರುತ್ತಿದ್ದರೆ ಆಗಿದೆ ಅಂತಲೇ ಲೆಕ್ಕ. ಖಾಲಿ ನಿವೇಶನದಲ್ಲಿ ಪಾರ್ಥೇನಿಯಂ ಎದೆಮಟ್ಟ ಬೆಳೆದಿದ್ದರೆ ಸಂಜೆ ಮೇಲೆ ಹಾವಿನ ಭಯ, ಕಸದ ರಾಶಿಯಿದ್ದರೆ ನಾಯಿಗಳ ಹಿಂಡು.

ಸಾಲಗಾಮೆ_ಸುತ್ತ
ಎರಡು ದಿನ ಸಿಗುತ್ತದೆ ಅಂದಿರಿ. ಒಂದು ಭಾನುವಾರ, ಒಂದು ಸೋಮವಾರ ಹಿಡಿಯಿರಿ. ಭಾನುವಾರ ಅದರಲ್ಲೂ ಮುಹೂರ್ತದ ದಿನ ಆದರೆ ಇನ್ನೂ ಒಳ್ಳೆಯದು, ಬೀದಿಯಲ್ಲಿ ಕಲ್ಯಾಣ ಮಂಟಪ ಇದ್ದರೆ ಅದರ ನಿಜಬಣ್ಣ ಅವತ್ತೇ ಗೊತ್ತಾಗುವುದು: ಎರಡೂ ಪಕ್ಕ ಕಾರು ನಿಂತು, ನಡೆಯುವವರು ರಸ್ತೆಯ ನಡುವೆ ಬರುತ್ತಾರೆ. ಸೋಮವಾರ ಬೆಳಿಗ್ಗೆ 8:15ರಿಂದ 9:15ರ ತನಕ ಮನೆಯಿಂದ ಶಾಲೆಗೆ ನಡೆದು ನೋಡಿ, ಮಗಳ ಕೈ ಹಿಡಿದು. ಶಾಲಾ ವ್ಯಾನುಗಳು ಎಲ್ಲಿ ತಿರುಗುತ್ತವೆ, ಗೇಟಿನ ಮುಂದೆ ಎಷ್ಟು ಬೈಕು ಅಡ್ಡ ನಿಲ್ಲುತ್ತವೆ ನೋಡಿ. ಪಿಯು ಕಾಲೇಜು, ಟ್ಯೂಷನ್ ಇರುವ ಬೀದಿಯಲ್ಲಿ ಸಂಜೆ 5ರಿಂದ 7 ಫುಟ್‌ಪಾತ್ ತುಂಬ ಬೈಕೇ.

ರಾತ್ರಿ 8:30ಕ್ಕೆ ಅದೇ ದಾರಿಯಲ್ಲಿ ಮತ್ತೆ ಹೋಗಿ. ಬೀದಿದೀಪದ ಕಂಬಗಳು ಸಾಮಾನ್ಯವಾಗಿ 30 ಮೀಟರಿಗೊಂದು. ಒಂದು ಕೆಟ್ಟಿದ್ದರೆ ಚಿಂತೆಯಿಲ್ಲ, ಸಾಲಾಗಿ ಎರಡು ಕೆಟ್ಟಿದ್ದರೆ ಒಂದು ದೀಪದಿಂದ ಇನ್ನೊಂದಕ್ಕೆ 90 ಮೀಟರ್ ಆಗುತ್ತದೆ. ದೀಪದ ಕೆಳಗೆ ಮರದ ಕೊಂಬೆ ಚಾಚಿಕೊಂಡಿದ್ದರೂ ಅಷ್ಟೇ ಕತ್ತಲೆ. ಅಂಗಡಿಗಳು ಎಷ್ಟಕ್ಕೆ ಬಾಗಿಲು ಹಾಕುತ್ತವೆ ಅಂತಲೂ ಗಮನಿಸಿ, ಬೀದಿಯ ಅರ್ಧ ಬೆಳಕು ಅಂಗಡಿಯದೇ.

ರಸ್ತೆ_ಇಂಜಿನಿಯರ್
ಬೇಸಿಗೆಯಲ್ಲಿ ಮನೆ ನೋಡುವವರು ಮಳೆಗಾಲವನ್ನು ಗೋಡೆ ಮೇಲೆ ಓದಬೇಕು. ಕಾಂಪೌಂಡ್ ಗೋಡೆಯ ಬುಡದಲ್ಲಿ ನೆಲದಿಂದ ಒಂದೇ ಎತ್ತರಕ್ಕೆ ಕೆಮ್ಮಣ್ಣಿನ ಗೆರೆ ಉದ್ದಕ್ಕೂ ಹೋಗಿದ್ದರೆ ಅಷ್ಟು ನೀರು ನಿಂತಿತ್ತು. ಅಂಗಡಿಯವರು ಹೊಸ್ತಿಲ ಮುಂದೆ ಇಟ್ಟಿಗೆ ಎರಡು ವರಸೆ ಕಟ್ಟಿಕೊಂಡಿದ್ದರೆ, ಬೈಕ್ ಶೋರೂಮಿನವರು ಮರಳು ಚೀಲ ಮೂಲೆಯಲ್ಲಿ ಜೋಡಿಸಿಟ್ಟಿದ್ದರೆ ಅವರಿಗೆ ಆ ಬೀದಿ ಗೊತ್ತು. ಜೂನ್‌ನಿಂದ ಆಗಸ್ಟ್ ತನಕ ಹಾಸನದ ಜಡಿಮಳೆಯಲ್ಲಿ ನೀರು ನಿಲ್ಲುವುದಕ್ಕಿಂತ ಪಾಚಿ ಕಟ್ಟಿ ಜಾರುವುದೇ ತೊಂದರೆ. ನಯವಾದ ಟೈಲ್ಸ್ ಹಾಕಿದ ಫುಟ್‌ಪಾತಿಗಿಂತ ಒರಟು ಸಿಮೆಂಟಿನದೇ ಅಮ್ಮನಿಗೆ ಒಳ್ಳೆಯದು. ಅಕ್ಟೋಬರಿನ ಸಂಜೆ ಗುಡುಗು ಮಳೆ ಬೇರೆ ತರಹ, ಅರ್ಧ ಗಂಟೆಯಲ್ಲಿ ಚರಂಡಿ ಉಕ್ಕಿಸುತ್ತದೆ.

ಹೊಸ_ಬಾಡಿಗೆದಾರ
ಹಾಗಾದರೆ ವಿದ್ಯಾನಗರ, ಸರಸ್ವತಿಪುರಂ ಕಡೆ ಮೊದಲು, ಆಮೇಲೆ ಕೆ.ಆರ್. ಪುರಂ ಅಂತ ಇಟ್ಟುಕೊಳ್ಳುತ್ತೇನೆ. ಬಸ್ಸಿನ ವಿಷಯ ಉಳಿಯಿತು. ಊರಿಗೆ ಹೋಗಿಬರುವುದು ತಿಂಗಳಿಗೆ ಎರಡು ಸಲ. ಹೊಸ ಬಸ್ ನಿಲ್ದಾಣಕ್ಕೆ ಹತ್ತಿರವೇ ಇರಬೇಕಾ?

ಕಟ್ಟಿನಕೆರೆ_ಚೀಲ
ತಿಂಗಳಿಗೆ ಎರಡು ಸಲಕ್ಕಾಗಿ ನಿಲ್ದಾಣದ ಪಕ್ಕ ಮನೆ ಬೇಡ. ಹಾರನ್ನು, ಹೊಗೆ, ರಾತ್ರಿಯಿಡೀ ಆಟೊ. ಲಗೇಜಿನ ದಿನ ಆಟೊ ಮಾಡಿ. ದಿನಾ ಬೇಕಾಗುವುದು ಊರೊಳಗಿನ ಬಸ್ಸು. ಮನೆಯಿಂದ ಬಸ್ ನಿಲ್ಲುವ ಜಾಗ 300 ಮೀಟರ್ ಒಳಗಿದ್ದು, ವಾಪಸ್ ಬರುವಾಗ ಇಳಿಯುವ ಕಡೆಯಿಂದ ರಸ್ತೆ ದಾಟುವುದು ಎಲ್ಲಿ ಅಂತ ನೋಡಿದರೆ ಸಾಕು. ಹೋಗುವಾಗ ಈ ಪಕ್ಕ ಹತ್ತಿದವರು ಬರುವಾಗ ಆಚೆ ಪಕ್ಕವೇ ಇಳಿಯುತ್ತಾರೆ, ಇದನ್ನು ತುಂಬ ಜನ ಮರೆಯುತ್ತಾರೆ. ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಅಮ್ಮನಿಗೆ ಟಿಕೆಟ್ ದುಡ್ಡಿಲ್ಲ, ಆಧಾರ್ ಕೈಯಲ್ಲಿರಲಿ.

ಮೂರನೇ_ಮಹಡಿ
ಕರಾರು ಪತ್ರ ಮಾಮೂಲಿಯಂತೆ 11 ತಿಂಗಳದ್ದೇ ಆಗುತ್ತದೆ, ಒಂದು ವರ್ಷ ಮೀರಿದರೆ ನೋಂದಣಿ ವಿಷಯ ಬರುತ್ತದೆ. ಅದರಲ್ಲಿ ಎರಡು ಸಾಲು ಬರೆಸಿ: ಲಿಫ್ಟ್ ಕೆಟ್ಟರೆ ಎಷ್ಟು ದಿನದೊಳಗೆ ಸರಿ ಮಾಡಿಸಬೇಕು, ಹಿಂದಿನ ಗೇಟಿನ ಕೀಲಿ ನಿಮಗೂ ಒಂದು ಕೊಡಬೇಕು. ಗೃಹಜ್ಯೋತಿಗೆ ಹಿಂದಿನ ಬಾಡಿಗೆದಾರರ ಆಧಾರ್ ಆ ಮೀಟರಿನ ಆರ್‌ಆರ್ ಸಂಖ್ಯೆಗೆ ಜೋಡಣೆಯಾಗಿದ್ದರೆ ಅದನ್ನು ಅವರೇ ತೆಗೆಸಿಕೊಂಡಿದ್ದಾರಾ ಅಂತ ಮುಂಗಡ ಕೊಡುವ ಮೊದಲೇ ವಿಚಾರಿಸಿ.

ಉತ್ತರ_ಬಡಾವಣೆ
ಏನಾದರೂ ಕಾರಣಕ್ಕೆ ಮಳೆಗಾಲ ಕಳೆದು ಬರುವಂತಾದರೆ ಹಾಸನಾಂಬೆಯ ದರ್ಶನದ ದಿನಗಳಲ್ಲಿ ಸಾಮಾನು ಸಾಗಿಸಬೇಡಿ. ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ಬಾಗಿಲು ತೆಗೆದರೆ ಬಲಿಪಾಡ್ಯಮಿ ಸುತ್ತಮುತ್ತ ಮುಚ್ಚುತ್ತಾರೆ. ಅಷ್ಟು ದಿನ ಸಂತೆಪೇಟೆ ಕಡೆ ಜನಸಾಗರ, ವಾಹನಗಳ ದಾರಿ ಬದಲಾಗುತ್ತದೆ, ಲಾರಿ ಒಳಗೆ ಬಿಡುವುದಿಲ್ಲ. ಮನೆ ನೋಡುವುದಕ್ಕೆ ಮಾತ್ರ ಆ ದಿನಗಳು ಚೆನ್ನ. ಕೆ.ಆರ್. ಪುರಂನ ಯಾವ ಅಡ್ಡರಸ್ತೆಗೆ ಗಾಡಿಗಳು ನುಗ್ಗುತ್ತವೆ, ಯಾವುದು ಶಾಂತವಾಗಿ ಉಳಿಯುತ್ತದೆ ಅಂತ ಒಂದೇ ಸಂಜೆಯಲ್ಲಿ ಗೊತ್ತಾಗುತ್ತದೆ.